ಟ್ಯಾಟೂ ಹಾಕಿಸಿ ಐದು ದಿನವಾಯಿತು, ಹಕ್ಕಳೆ ಏಳುತ್ತಿದೆ, ವಿಪರೀತ ನವೆ. ಬಣ್ಣ ಹೋಗಿಬಿಡುತ್ತದೆಯೇ?

ಕೆರೆಯದೆ ಇದ್ದರೆ ಹೋಗುವುದಿಲ್ಲ. ಸೂಜಿ ಶಾಯಿಯನ್ನು ಇಳಿಸುವುದು ಚರ್ಮದ ಎರಡನೇ ಪದರಕ್ಕೆ. ಈಗ ಉದುರುತ್ತಿರುವುದು ಮೇಲಿನ ಪದರ ಮಾತ್ರ. ಟವೆಲ್ ಮೇಲೆ ಬಣ್ಣದ ಚೂರುಗಳು ಕಂಡರೂ ಗಾಬರಿ ಬೇಡ. ಆದರೆ ಇನ್ನೂ ಗಟ್ಟಿಯಾಗಿ ಅಂಟಿರುವ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿದರೆ ಜೊತೆಗೆ ಶಾಯಿಯೂ ಕಿತ್ತು ಬರಬಹುದು. ನನ್ನ ಮುಂಗೈ ಮೇಲಿನ ಎಲೆಯ ತುದಿ ಮಾಸಿರುವುದು ಹಾಗೆಯೇ. ಈಗಲೂ ಕಣ್ಣಿಗೆ ಬಿದ್ದಾಗ ಬೇಸರವಾಗುತ್ತದೆ.

ನವೆ ತಾಳಲಾಗದಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಒಂದೆರಡು ನಿಮಿಷ ಮೇಲಿಡಿ. ದಿನಕ್ಕೆ ಎರಡು ಬಾರಿ, ಮೊದಲು ಕೈ ತೊಳೆದುಕೊಂಡು, ಸುವಾಸನೆಯಿಲ್ಲದ ಸೋಪಿನಿಂದ ಟ್ಯಾಟೂವನ್ನು ಮೃದುವಾಗಿ ತೊಳೆಯಿರಿ. ಉಜ್ಜದೆ, ಒತ್ತಿ ಒರೆಸಿ. ಆಮೇಲೆ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಅನ್ನು ತೆಳ್ಳಗೆ ಸವರಿ. ಹೆಚ್ಚು ಬಳಿದರೆ ಬೇಗ ವಾಸಿಯಾಗುತ್ತದೆ ಎಂಬುದು ತಪ್ಪು: ಹಕ್ಕಳೆ ನೆನೆದು ಮೆತ್ತಗಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ.

ಮೇಲಿನ ಚರ್ಮ ಕೂಡಿಕೊಳ್ಳಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಅಲ್ಲಿಯವರೆಗೆ ಈಜು, ಟಬ್ ಸ್ನಾನ, ನೇರ ಬಿಸಿಲು ಬೇಡ. ಸನ್‌ಸ್ಕ್ರೀನ್ ಹಚ್ಚುವುದೂ ವಾಸಿಯಾದ ಮೇಲೆಯೇ.

ಕೆಂಪು ಕಡಿಮೆಯಾಗುವ ಬದಲು ಸುತ್ತಲೂ ಹರಡುತ್ತಿದ್ದರೆ, ಕೀವು ಬಂದರೆ, ನೋವು ಹೆಚ್ಚಿದರೆ ಅಥವಾ ಜ್ವರ ಕಾಣಿಸಿದರೆ ದಯವಿಟ್ಟು ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ.