ಆಸ್ಟ್ರಿಯಾದ ಹಳೇ ಗೂಡ್ಸ್ ವ್ಯಾಗನ್ ಮಾಡೆಲ್‌ನ ತುದಿಯಲ್ಲಿರುವ ಪುಟ್ಟ ಗೂಡು ಯಾತಕ್ಕೆ?

ನೀವು ಕೊಂಡ ಮೂರು ಎಚ್‌ಓ (1:87 ಅಳತೆಯ ಮಾಡೆಲ್) ವ್ಯಾಗನ್‌ಗಳಲ್ಲಿ ಒಂದಕ್ಕೆ ಮಾತ್ರ ತುದಿಯಲ್ಲಿ ಎತ್ತರದ ಗೂಡಿದೆ, ಅದು ನಮ್ಮ ಕಡೆಯ ಗಾರ್ಡ್ ಡಬ್ಬಿ ಇದ್ದ ಹಾಗಾ, ರೈಲಿನ ಕೊನೆಗೇ ಜೋಡಿಸಬೇಕಾ ಅಂತ ಕೇಳಿದ್ದೀರಿ.

ಗಾರ್ಡ್ ಡಬ್ಬಿ ಅಲ್ಲ, ಅದು ಬ್ರೇಕ್‌ಮನ್ ಕೂರುತ್ತಿದ್ದ ಜಾಗ. 1905ರ ಸುಮಾರಿನ ಸಾಮಾನ್ಯ ಗೂಡ್ಸ್ ರೈಲಿಗೆ ಎಂಜಿನ್ನಿನಿಂದ ಕೊನೇ ಡಬ್ಬಿಯವರೆಗೆ ಒಟ್ಟಿಗೆ ಹಿಡಿಯುವ ಗಾಳಿ ಬ್ರೇಕ್ ಇರಲಿಲ್ಲ. ಡ್ರೈವರ್ ಸಿಳ್ಳೆ ಹಾಕಿದರೆ ಅಲ್ಲಲ್ಲಿ ಗೂಡಿನಲ್ಲಿ ಕೂತ ಆಳುಗಳು ಕೈಯಿಂದ ಹಿಡಿ ತಿರುಗಿಸಿ ತಮ್ಮ ತಮ್ಮ ವ್ಯಾಗನ್ನಿನ ಬ್ರೇಕ್ ಬಿಗಿಯಬೇಕು, ಇನ್ನೊಮ್ಮೆ ಸಿಳ್ಳೆ ಬಂದರೆ ಸಡಿಲಿಸಬೇಕು. ಮುಂದಿನ ವ್ಯಾಗನ್‌ಗಳ ಚಾವಣಿಯ ಮೇಲಿಂದ ದಾರಿ ಕಾಣಲಿ ಅಂತ ಗೂಡು ಅಷ್ಟು ಎತ್ತರ.

ಆಸ್ಟ್ರಿಯಾದ ಸೆಮ್ಮರಿಂಗ್ ಘಟ್ಟದ ಮಾರ್ಗವನ್ನೇ ನೋಡಿ. ಎಂಜಿನಿಯರ್ ಕಾರ್ಲ್ ಫಾನ್ ಗೇಗಾ ಕಟ್ಟಿಸಿದ್ದು, 1854ರಲ್ಲಿ ಶುರುವಾಯಿತು, ಗ್ಲೋಗ್ನಿಟ್ಸ್‌ನಿಂದ ಮ್ಯೂರ್ಟ್ಸುಶ್ಲಾಗ್‌ವರೆಗೆ ಸುಮಾರು 41 ಕಿಲೋಮೀಟರ್. ಕೆಲವೆಡೆ ಹತ್ತಿರಹತ್ತಿರ 40 ಮೀಟರಿಗೆ ಒಂದು ಮೀಟರಿನಷ್ಟು ಏರು. ಚಳಿಗಾಲದ ರಾತ್ರಿ, ಆ ಹಲಗೆ ಗೂಡಿನಲ್ಲಿ ಹಿಮಗಾಳಿಗೆ ಒಡ್ಡಿಕೊಂಡು ಘಟ್ಟ ಇಳಿಸುತ್ತಿದ್ದವರನ್ನು ನೆನೆದರೆ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ.

ಎಲ್ಲ ವ್ಯಾಗನ್ನಿಗೂ ಬ್ರೇಕ್ ಇರುತ್ತಿರಲಿಲ್ಲ. ಇಳಿಜಾರು ಹೆಚ್ಚಿದಷ್ಟೂ ಬ್ರೇಕ್ ಇರುವ ವ್ಯಾಗನ್ ಹೆಚ್ಚು ಬೇಕು. ಹಾಗಾಗಿ ನಿಮ್ಮ ಗೂಡಿನ ವ್ಯಾಗನ್ ನಡುವೆ ಎಲ್ಲಿದ್ದರೂ ಸರಿಯೇ. ಮೂರೇ ಇದ್ದರೆ ಮಾತ್ರ ಅದನ್ನು ಕೊನೆಗೆ ಹಾಕಿ. ಘಟ್ಟದಲ್ಲಿ ಕೊಂಡಿ ಕಳಚಿದರೆ ಹಿಂದಿನ ಡಬ್ಬಿಗಳನ್ನು ತಡೆಯಲು ಅಲ್ಲೊಬ್ಬ ಬ್ರೇಕ್‌ಮನ್ ಬೇಕೇ ಬೇಕು. ನಮ್ಮ ಗಾರ್ಡಿನ ಕೆಲಸ ಮಾಡುವವನು ಅಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಬೆನ್ನಿಗಿದ್ದ ಸರ್ವಿಸ್ ಡಬ್ಬಿಯಲ್ಲಿ ಹೋಗುತ್ತಿದ್ದ.

ಈಗ ಮೂರನ್ನೂ ತಲೆಕೆಳಗು ಮಾಡಿ ನೋಡಿ. ಒಳ್ಳೆಯ ಮಾಡೆಲ್ ಆದರೆ ಗೂಡಿರುವುದರ ಗಾಲಿಗಳಿಗೆ ಮಾತ್ರ ಬ್ರೇಕ್ ಬ್ಲಾಕ್ (ಗಾಲಿಗೆ ಒತ್ತುವ ತುಂಡು), ಸರಳು ಇರುತ್ತವೆ. ಹಳತು ಕಾಣಲೆಂದು ಬಣ್ಣ ಹಚ್ಚುವಾಗ ಬ್ರೇಕ್ ಉಜ್ಜಿ ಉದುರುವ ಕಬ್ಬಿಣದ ಪುಡಿಯ ಕೆಂಗಂದು ಬಣ್ಣವನ್ನು ಅದರ ಗಾಲಿ ಸುತ್ತ ಒಂದಿಷ್ಟು ಹೆಚ್ಚೇ ತಟ್ಟಿ. ನಾನು ಮೊದಲು ಎಲ್ಲಕ್ಕೂ ಒಂದೇ ಸಮ ಬಳಿದು, ಆಮೇಲೆ ಮೂರು ರಾತ್ರಿ ಕೂತು ಹತ್ತಿಕಡ್ಡಿಯಿಂದ ಒರೆಸಿದ್ದೇನೆ.

ಇನ್ನು ವ್ಯಾಗನ್ನಿನ ಮೇಲೆ ಬರೆದಿರುವ ಅಕ್ಷರ. ಕೆ.ಕೆ.ಎಸ್‌ಟಿ.ಬಿ. ಅಂದರೆ 1884ರಲ್ಲಿ ಆರಂಭವಾದ ಸರ್ಕಾರಿ ರೈಲ್ವೆ. ವಿಯೆನ್ನಾದಿಂದ ಉತ್ತರಕ್ಕೆ ಹೋಗುತ್ತಿದ್ದ, ಆಸ್ಟ್ರಿಯಾದ ಮೊದಲ ಉಗಿಬಂಡಿ ಓಡಿಸಿದ ನೋರ್ಡ್‌ಬಾನ್ 1906ರವರೆಗೂ ಖಾಸಗಿಯೇ. ಸೆಮ್ಮರಿಂಗ್ ಇದ್ದದ್ದು ಇನ್ನೊಂದು ಖಾಸಗಿ ಕಂಪನಿ ಸೂಡ್‌ಬಾನ್ ಕೈಯಲ್ಲಿ. ವ್ಯಾಗನ್‌ಗಳು ಒಬ್ಬರ ಹಳಿಯಿಂದ ಇನ್ನೊಬ್ಬರ ಹಳಿಗೆ ಹೋಗುತ್ತಿದ್ದವು, ಆದ್ದರಿಂದ 1905 ಅಂತ ಇಟ್ಟುಕೊಂಡರೆ ಈ ಮೂರೂ ರೈಲ್ವೆಗಳ ವ್ಯಾಗನ್‌ಗಳನ್ನು ಒಂದೇ ರೈಲಿಗೆ ಧೈರ್ಯವಾಗಿ ಜೋಡಿಸಿ. ಬಿ.ಬಿ.ಓ. ಅಕ್ಷರವಿದ್ದರೆ ಬೇಡ, ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಒಡೆದ ಮೇಲಿನ ರೈಲ್ವೆಯದು.

ಒಂದು ಕೆಲಸ ತಪ್ಪದೆ ಮಾಡಿ: 1:87 ಅಳತೆಯಲ್ಲಿ ನಿಂತ ಆಳು ಸುಮಾರು ಎರಡು ಸೆಂಟಿಮೀಟರ್. ಕೂತ ಭಂಗಿಯ ಬೊಂಬೆಯೊಂದನ್ನು ತಂದು, ಕಾಲು ಸ್ವಲ್ಪ ಕತ್ತರಿಸಿ, ಕಪ್ಪು ಕೋಟಿನ ಬಣ್ಣ ಹಚ್ಚಿ ಆ ಗೂಡಿನೊಳಗೆ ಕೂರಿಸಿ. ನನ್ನದರ ಕಿಟಕಿಯಲ್ಲಿ ಅವನ ಟೋಪಿ ಮಾತ್ರ ಕಾಣುತ್ತದೆ.