ಮೆಣಸಿನಕಾಯಿ ಹಾಕಿದ ಕಾಫಿ ಸ್ಟೌಟ್ ಕುಡಿದರೆ ಬಾಯಿ ಉರಿಯುತ್ತಾ?

ನೀವು ಕೇಳಿದ್ದು ಇದು: "ಕಾಫಿ, ಒಣಮೆಣಸಿನಕಾಯಿ, ಚಕ್ಕೆ ಎಲ್ಲ ಹಾಕಿ ಮಾಡಿದ ಸ್ಟೌಟ್ ಬಿಯರ್ ಯಾರಾದರೂ ಕುಡಿದಿದ್ದೀರಾ? ನನಗೆ ಫಿಲ್ಟರ್ ಕಾಫಿ ಇಷ್ಟ, ಖಾರವೂ ಇಷ್ಟ. ಆದರೆ ಎರಡನ್ನೂ ಬಿಯರಿಗೆ ಹಾಕಿದರೆ ಬಾಯಿ ಉರಿಯೋದು ಬಿಟ್ಟು ಬೇರೇನಾದರೂ ಸಿಗುತ್ತಾ?"

ಖಂಡಿತ ಸಿಗುತ್ತದೆ. ಸ್ಟೌಟನ್ನು, ಅಂದರೆ ಕಪ್ಪಗೆ ಹುರಿದ ಬಾರ್ಲಿ ಹಾಕಿದ ಕಪ್ಪು ಬಿಯರನ್ನು, ಚೆನ್ನಾಗಿ ಮಾಡಿದ್ದರೆ ಉರಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಅದೂ ಸ್ವಲ್ಪವೇ. ಅದಕ್ಕೆ ಮೊದಲು ಸಿಗುವುದು ಒಣಮೆಣಸಿನಕಾಯಿಯ ಘಮ. ಆ ಘಮಕ್ಕಾಗಿಯೇ ನಾನು ಈ ಬಿಯರನ್ನು ಹುಡುಕಿಕೊಂಡು ಹೋಗುತ್ತೇನೆ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕಡೆ. ಇಲ್ಲಿ ಬೀದಿಗೊಂದು ಸಣ್ಣ ಬ್ರೂವರಿ, ಅಂದರೆ ಬಿಯರ್ ಮಾಡುವ ಜಾಗ, ಇದೆ ಅಂದರೂ ನಡೆಯುತ್ತದೆ. ಕಾರು ಹತ್ತಿದರೆ ಸ್ವಲ್ಪ ಹೊತ್ತಿಗೆ ಮೆಕ್ಸಿಕೊ ಗಡಿ. ಕಾಫಿ, ಕೋಕೋ, ಮೆಣಸಿನಕಾಯಿ ಒಂದೇ ಲೋಟದಲ್ಲಿ ಸೇರಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ನಾನು ಮೊದಲು ಕುಡಿದದ್ದು ಶೋಕೋವೇಸಾ ಅನ್ನುವ ಸ್ಟೌಟ್. ಮಾಡಿದವರು ಸ್ಟೋನ್ ಬ್ರೂವಿಂಗ್, 1996ರಲ್ಲಿ ಶುರುವಾದ ಕಂಪನಿ. ಆದರೆ ರೆಸಿಪಿ ಅವರದ್ದಲ್ಲ. ಮನೆಯಲ್ಲಿ ಬಿಯರ್ ಮಾಡುವವರಿಗೆ ಸ್ಟೋನ್ ನಡೆಸಿದ ಸ್ಪರ್ಧೆಯಲ್ಲಿ 2014ರಲ್ಲಿ ಒಬ್ಬ ಹವ್ಯಾಸಿ ಗೆದ್ದ ರೆಸಿಪಿ ಅದು. ಅದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದಾಗ ಗಡಿಯಾಚೆ ತಿಹುವಾನಾ ಊರಿನ ಇನ್ಸುರ್ಹೆಂಟೆ ಬ್ರೂವರಿಯೂ ಜೊತೆಗಿತ್ತು. ಮೆಕ್ಸಿಕೊದವರು ಚಳಿಗೆ ಕುಡಿಯುವ ಮಸಾಲೆ ಹಾಕಿದ ಬಿಸಿ ಚಾಕೊಲೇಟ್ ಇದೆಯಲ್ಲ, ಅದರ ರುಚಿಯನ್ನು ಬಿಯರಿನಲ್ಲಿ ತರಬೇಕು ಅನ್ನುವುದು ಇದನ್ನು ಮಾಡಿದವರ ಆಸೆ. ಅದಕ್ಕೆ ಕಾಫಿ, ಕೋಕೋ, ಪಸಿಯಾ ಮೆಣಸಿನಕಾಯಿ, ವೆನಿಲ್ಲಾ, ಚಕ್ಕೆ, ಜಾಯಿಕಾಯಿ ಹಾಕಿದ್ದಾರೆ. ಆಲ್ಕೋಹಾಲ್ ಶೇ. 8.1. ಒಂದು ವರ್ಷಕ್ಕೆಂದು ಬಂದದ್ದು, ಜನರಿಗೆ ಹಿಡಿಸಿ ಮುಂದಿನ ಚಳಿಗಾಲಗಳಲ್ಲೂ ಬಂತು.

ಪಸಿಯಾ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಅದರಲ್ಲಿ. ಚಿಲಾಕಾ ಅನ್ನುವ ಉದ್ದನೆಯ ಮೆಣಸಿನಕಾಯಿಯನ್ನು ಒಣಗಿಸಿದರೆ ಪಸಿಯಾ ಆಗುತ್ತದೆ. ಕಪ್ಪು ಬಣ್ಣ, ಮೈಯೆಲ್ಲ ಸುಕ್ಕು. ಸ್ಪ್ಯಾನಿಷ್‌ನಲ್ಲಿ ಪಸಾ ಅಂದರೆ ಒಣದ್ರಾಕ್ಷಿ, ಪಸಿಯಾ ಅಂದರೆ ಪುಟ್ಟ ಒಣದ್ರಾಕ್ಷಿ. ಮೂಸಿ ನೋಡಿದರೆ ಹೆಸರು ಸುಮ್ನೆ ಇಟ್ಟಿಲ್ಲ ಅಂತ ಗೊತ್ತಾಗುತ್ತದೆ. ಖಾರ ಬಹಳ ಕಮ್ಮಿ. ಖಾರ ಅಳೆಯಲು ಸ್ಕೋವಿಲ್ ಅನ್ನುವ ಲೆಕ್ಕವಿದೆ, 1912ರಲ್ಲಿ ಶುರುವಾದದ್ದು. ಅದರ ಪ್ರಕಾರ ಪಸಿಯಾ ಸಾವಿರದಿಂದ ಎರಡೂವರೆ ಸಾವಿರದ ಒಳಗೆ. ಅದೇ ಹಬನೇರೋ ಅನ್ನುವ ತೀರಾ ಖಾರದ ಮೆಣಸಿನಕಾಯಿ ಲಕ್ಷದ ಮೇಲೆ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹತ್ತಿರದ್ದು ಯಾವುದು ಅಂದರೆ ಬ್ಯಾಡಗಿ. ಪಸಿಯಾಗಿಂತ ಖಾರ ಜಾಸ್ತಿ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಬ್ಯಾಡಗಿ ತರುವುದು ಖಾರಕ್ಕಲ್ಲ, ಬಣ್ಣಕ್ಕೆ ಮತ್ತು ಘಮಕ್ಕೆ. ಖಾರ ಬೇಕಾದರೆ ಗುಂಟೂರು ನಾಲ್ಕು ಸೇರಿಸುತ್ತೇವೆ ಅಲ್ವಾ? ಈ ಬಿಯರಿನಲ್ಲಿ ಮೆಣಸಿನಕಾಯಿಗೆ ಇರುವುದೂ ಬ್ಯಾಡಗಿಯ ಕೆಲಸವೇ.

ಶೋಕೋವೇಸಾ ಮೊದಲು ಕುಡಿದ ರಾತ್ರಿ ನಡೆದದ್ದನ್ನು ಹೇಳುತ್ತೇನೆ. ಅಮ್ಮ ಊರಿಂದ ಬಂದಿದ್ದರು. ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟೆ. ಅಗಲ ಹೊಟ್ಟೆಯ ಸಣ್ಣ ಗ್ಲಾಸಿಗೆ ಸುರಿದೆ. ಬಣ್ಣ ಗಟ್ಟಿ ಡಿಕಾಕ್ಷನ್ ತರಹವೇ ಇತ್ತು. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಮಾತ್ರ ಸ್ವಲ್ಪ ಕೆಂಪು. ಮೇಲೆ ಕಂದು ನೊರೆ ಎದ್ದಿತು, ಬೇಗ ಇಳಿಯಿತು. ಅಮ್ಮ ಕುಡಿಯುವವರಲ್ಲ. ಆದರೆ ಪಕ್ಕದಲ್ಲಿ ಕೂತು ಗ್ಲಾಸನ್ನು ಎತ್ತಿ ಮೂಸಿ ನೋಡಿದರು. "ಏನೋ ಇದು, ಹುಳಿಪುಡಿ ಹುರಿದ ಬಾಣಲೆ ವಾಸನೆ ಬರ್ತಿದೆಯಲ್ಲೋ" ಅಂದರು.

ನನಗೆ ಸಿಗದೇ ಇದ್ದ ಮಾತು ಅಮ್ಮನಿಗೆ ಥಟ್ಟನೆ ಸಿಕ್ಕಿತ್ತು. ಚಕ್ಕೆ, ಮೆಣಸಿನಕಾಯಿ, ಧನಿಯ ಎಲ್ಲ ಹುರಿದು ತಟ್ಟೆಗೆ ಹಾಕಿದ ಮೇಲೆ ಖಾಲಿ ಬಾಣಲೆಯಿಂದ ಒಂದು ಬೆಚ್ಚನೆ ವಾಸನೆ ಬರುತ್ತದೆ. ಅದರಲ್ಲಿ ಘಾಟು ಇರುವುದಿಲ್ಲ. ಗ್ಲಾಸಿನಲ್ಲಿದ್ದದ್ದು ಅದೇ. ಅದರ ಕೆಳಗೆ ಆಗ ತಾನೇ ಪುಡಿ ಮಾಡಿದ ಕಾಫಿ ಬೀಜ, ಇನ್ನೂ ಕೆಳಗೆ ಒಣದ್ರಾಕ್ಷಿ.

ಮೊದಲ ಗುಟುಕಿನಲ್ಲಿ ಖಾರದ ಸುಳಿವೇ ಇಲ್ಲ. ಸಿಹಿ, ಕೋಕೋ, ಆಮೇಲೆ ಕಾಫಿಯ ಕಹಿ. ನುಂಗಿದ ಮೇಲೆ ನಾಲ್ಕೈದು ಎಣಿಸುವಷ್ಟರಲ್ಲಿ ಗಂಟಲಿನ ಹಿಂದೆ ಒಂದು ಬಿಸುಪು ಬಂತು. ಉರಿ ಅನ್ನುವಂತಿಲ್ಲ. ಚಳಿಯಲ್ಲಿ ಮೆಣಸಿನ ಸಾರು ಕುಡಿದಾಗ ಎದೆಯವರೆಗೆ ಇಳಿಯುತ್ತದಲ್ಲ, ಆ ಥರ. ಎರಡನೇ ಗುಟುಕು, ಮೂರನೇ ಗುಟುಕು ಹೋದ ಹಾಗೆ ಅದು ಅಲ್ಲೇ ಉಳಿದುಕೊಂಡಿತು, ಆದರೆ ಏರಲಿಲ್ಲ. ಒಂದು ಹದಕ್ಕೆ ಬಂದು ನಿಂತಿತು.

ಇನ್ನು ಕಾಫಿ ವಿಷಯ. ಸ್ಟೌಟಿಗೆ ಕಾಫಿ ಹಾಕದಿದ್ದರೂ ಕಾಫಿಯ ರುಚಿ ಇರುತ್ತದೆ. ಅದು ಬರುವುದು ಕಪ್ಪಾಗುವ ತನಕ ಹುರಿದ ಬಾರ್ಲಿಯಿಂದ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್, ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಸುಟ್ಟು ಬೂದಿಯಾಗದ ಹಾಗೆ ಕಪ್ಪಗೆ ಹುರಿಯುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಅದು ಕಾಫಿ ಹುರಿಯುವ ಡ್ರಮ್ಮಿನ ದಾಯಾದಿಯೇ. ಬೀಜ ಹುರಿದರೂ ಕಾಳು ಹುರಿದರೂ ಹುರಿದ ರುಚಿ ಹುರಿದ ರುಚಿಯೇ ಅಲ್ವಾ? ಹಾಗಾಗಿ ಕಾಫಿ ಮತ್ತು ಸ್ಟೌಟ್ ಬೇಗ ಹೊಂದಿಕೊಳ್ಳುತ್ತವೆ. ಆದರೆ ನಿಮಗೆ ಫಿಲ್ಟರ್ ಕಾಫಿ ಇಷ್ಟ ಅಂದಿರಿ. ಚಿಕೋರಿಯ ಗಟ್ಟಿತನ, ಹಾಲಿನ ಕೆನೆ ಇಲ್ಲಿ ಹುಡುಕಬೇಡಿ. ಇದು ಹಾಲಿಲ್ಲದ ಕಾಫಿ ತಣ್ಣಗಾದ ಮೇಲೆ ಇರುವ ರುಚಿಗೆ ಹತ್ತಿರ.

ಇಲ್ಲಿ ಒಂದು ವಿಷಯ ಗೊತ್ತಿರಲಿ. ಇಂಥ ಬಿಯರ್ ಕುಡಿದು ಎಷ್ಟೋ ಜನ "ಹಸಿ ದೊಣ್ಣೆಮೆಣಸಿನಕಾಯಿ ವಾಸನೆ ಬರುತ್ತೆ, ಮೆಣಸಿನಕಾಯಿ ಜಾಸ್ತಿ ಆಗಿದೆ" ಅನ್ನುತ್ತಾರೆ. ಬಹಳ ಸಲ ಆ ವಾಸನೆ ಬಂದಿರುವುದು ಮೆಣಸಿನಕಾಯಿಯಿಂದಲ್ಲ, ಕಾಫಿಯಿಂದ! ದೊಣ್ಣೆಮೆಣಸಿನಕಾಯಿಗೆ ಆ ವಾಸನೆ ಕೊಡುವ ಪೈರಜೀನ್ ಜಾತಿಯ ವಸ್ತು ಕಾಫಿ ಬೀಜದಲ್ಲೂ ಇದೆ. ಬಿಸಿ ಕಾಫಿಯಲ್ಲಿ ಉಳಿದ ಘಮಗಳ ನಡುವೆ ಅದು ಗೊತ್ತಾಗುವುದಿಲ್ಲ. ಬಿಯರಿನಲ್ಲಿ ದಿನ ಕಳೆದ ಹಾಗೆ ಕಾಫಿಯ ಒಳ್ಳೆಯ ಘಮ ಮೊದಲು ಆರಿಹೋಗುತ್ತದೆ, ಹಸಿ ವಾಸನೆ ಎದ್ದು ಕಾಣುತ್ತದೆ. ಆದ್ದರಿಂದ ಕಾಫಿ ಸ್ಟೌಟ್ ಕೊಳ್ಳುವಾಗ ಬಾಟಲಿಯ ಮೇಲಿನ ತಾರೀಕು ನೋಡಿ. ಹೊಸದು ಸಿಕ್ಕಿದರೆ ಕಪಾಟಿನಲ್ಲಿಟ್ಟು ಕಾಯಬೇಡಿ. ನಾನು ಒಂದು ಬಾಟಲಿಯನ್ನು ವರ್ಷಗಟ್ಟಲೆ ಇಟ್ಟು ತೆಗೆದಿದ್ದೆ. ಚಕ್ಕೆ ಇತ್ತು, ಸಿಹಿ ಇತ್ತು, ಕಾಫಿ ಮಾತ್ರ ಎಲ್ಲೂ ಸಿಗಲಿಲ್ಲ. ಬೇಜಾರಾಯಿತು.

ಈಗ ಉರಿ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಅದು ನೀರಿನಲ್ಲಿ ಹೆಚ್ಚುಕಮ್ಮಿ ಕರಗುವುದೇ ಇಲ್ಲ, ಎಣ್ಣೆಯಲ್ಲಿ ಮತ್ತು ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಶೇ. 8 ಆಲ್ಕೋಹಾಲ್ ಇರುವ ಬಿಯರಿನಲ್ಲಿ ಮೆಣಸಿನಕಾಯಿ ನೆನೆಹಾಕಿದರೆ ಖಾರ ತಾನಾಗಿ ಬಿಯರಿಗೆ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಸಂಗತಿಯೂ ಇದೆ. ನಾಲಿಗೆಯಲ್ಲಿ ಖಾರವನ್ನೂ ಸುಡುವ ಬಿಸಿಯನ್ನೂ ಗುರುತಿಸುವುದು ಟಿಆರ್‌ಪಿವಿ1 ಅನ್ನುವ ಒಂದೇ ಗ್ರಾಹಿ, ಅಂದರೆ ನರದ ತುದಿಯಲ್ಲಿ ಸುದ್ದಿ ಹಿಡಿಯುವ ಪ್ರೋಟೀನ್. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಸಾಮಾನ್ಯವಾಗಿ ಅದು ಎಚ್ಚರವಾಗುವುದು 42 ಡಿಗ್ರಿ ಸೆಲ್ಸಿಯಸ್ ಹತ್ತಿರ. ಆಲ್ಕೋಹಾಲ್ ತಗುಲಿದರೆ 34ರ ಹತ್ತಿರವೇ ಎಚ್ಚರವಾಗುತ್ತದೆ. ಅಂದರೆ ನಮ್ಮ ಮೈಯ ಬಿಸಿಯೇ ಅದಕ್ಕೆ ಸುಡುವ ಬಿಸಿ ಅನ್ನಿಸುತ್ತದೆ. ಅದಕ್ಕೇ ಬ್ರಾಂದಿ ಗಂಟಲಲ್ಲಿ ಉರಿಯುವುದು. ಖಾರದ ಬಿಯರಿನಲ್ಲಿ ಎರಡೂ ಒಂದೇ ಬಾಗಿಲು ಬಡಿಯುತ್ತವೆ. ಹಾಗಾಗಿ ಬಿಯರ್ ಮಾಡುವವರು ಕೈ ಹಿಡಿದು ಹಾಕಬೇಕು. ಸಾರಿಗೆ ಸರಿ ಅನ್ನಿಸುವ ಖಾರ ಇಲ್ಲಿ ಅತಿಯಾಗುತ್ತದೆ.

ಅತಿಯಾದದ್ದನ್ನೂ ಕುಡಿದಿದ್ದೇನೆ. ಇಲ್ಲಿನ ಒಂದು ಸಣ್ಣ ಬ್ರೂವರಿಯಲ್ಲಿ ಹಬನೇರೋ ಹಾಕಿದ ಕಾಫಿ ಸ್ಟೌಟ್ ಕೊಟ್ಟರು. ಮೊದಲ ಗುಟುಕಿಗೇ ನಾಲಿಗೆಯ ತುದಿ, ತುಟಿ ಎಲ್ಲ ಉರಿದವು. ಕಾಫಿ ಇತ್ತೋ ಇಲ್ಲವೋ ತಿಳಿಯಲಿಲ್ಲ. ಪಕ್ಕದ ಮೇಜಿನವರು ಪಂಥ ಕಟ್ಟಿ ಕುಡಿಯುತ್ತಿದ್ದರು. ನಾನು ಅರ್ಧ ಗ್ಲಾಸ್ ಬಿಟ್ಟು ಎದ್ದೆ. ಅಡುಗೆಯಲ್ಲಿ ಅಂಥದ್ದನ್ನು ಯಾರೂ ಮೆಚ್ಚುವುದಿಲ್ಲ, ಬಿಯರಿನಲ್ಲಿ ಯಾಕೆ ಮೆಚ್ಚಬೇಕು? ನನ್ನ ಅಳತೆ ಇಷ್ಟೇ. ಗುಟುಕು ನುಂಗಿದ ಮೇಲೆ ಕೈ ನೀರಿನ ಲೋಟದ ಕಡೆ ಹೋದರೆ ಅದು ಕೆಟ್ಟ ಬಿಯರ್, ಅದೇ ಗ್ಲಾಸಿನ ಕಡೆ ಹೋದರೆ ಒಳ್ಳೆಯದು.

ಲೇಬಲ್ಲಿನ ಮೇಲೆ ಮಿಲ್ಕ್ ಸ್ಟೌಟ್ ಅಂತ ಇದ್ದರೆ ಹಾಲು ಇದೆ, ಖಾರ ತಣಿಸುತ್ತದೆ ಅಂದುಕೊಳ್ಳಬೇಡಿ. ಮೊಸರು, ಹಾಲು ಖಾರವನ್ನು ಇಳಿಸುವುದು ಅದರಲ್ಲಿರುವ ಕೇಸಿನ್ ಅನ್ನುವ ಪ್ರೋಟೀನಿನಿಂದ. ಮಿಲ್ಕ್ ಸ್ಟೌಟಿಗೆ ಹಾಕುವುದು ಹಾಲಿನ ಸಕ್ಕರೆ ಮಾತ್ರ, ಲ್ಯಾಕ್ಟೋಸ್. ಬಿಯರಿನ ಯೀಸ್ಟ್ ಅದನ್ನು ತಿನ್ನಲಾರದು, ಹಾಗಾಗಿ ಸಿಹಿಯಾಗಿಯೇ ಉಳಿಯುತ್ತದೆ. ಶೋಕೋವೇಸಾ ಕೂಡ ಈ ಥರದ್ದೇ. ಹಾಲು ಕುಡಿದರೆ ಹೊಟ್ಟೆ ಕೆಡುವವರು ಜೋಪಾನ.

ನನ್ನ ಸ್ನೇಹಿತರೊಬ್ಬರು ಮನೆಯಲ್ಲಿ ಬಿಯರ್ ಮಾಡುತ್ತಾರೆ, ಧಾರವಾಡದ ಕಡೆಯವರು. ಅಮ್ಮನ ಹುಳಿಪುಡಿ ಮಾತು ಹೇಳಿದ್ದೇ ತಡ, ಇಂಡಿಯನ್ ಅಂಗಡಿಯಿಂದ ಬ್ಯಾಡಗಿ ತಂದರು. 19 ಲೀಟರ್ ಸ್ಟೌಟಿಗೆ ಆರು ಮೆಣಸಿನಕಾಯಿ. ತೊಟ್ಟು ಮುರಿದು, ಬೀಜ ಉದುರಿಸಿ, ಒಳಗಿನ ಬಿಳಿ ನಾರನ್ನು ಚಾಕುವಿನ ಮೊನೆಯಿಂದ ಕೆರೆದು ತೆಗೆದರು. ಖಾರ ಇರುವುದು ಬೀಜದಲ್ಲಲ್ಲ, ಆ ಬಿಳಿ ನಾರಿನಲ್ಲಿ. ಆಮೇಲೆ ಬಾಣಲೆಯಲ್ಲಿ ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ, ಮೆಣಸಿನಕಾಯಿ ಸ್ವಲ್ಪ ಉಬ್ಬುವ ತನಕ ಹುರಿದರು. ಎಣ್ಣೆ ಹಾಕಿದರೆ ನೊರೆ ನಿಲ್ಲುವುದಿಲ್ಲ. ಹುದುಗು ಮುಗಿದ ಬಿಯರಿಗೆ ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು, ದಿನಾ ಒಂದು ಚಮಚ ತೆಗೆದು ರುಚಿ ನೋಡುತ್ತಿದ್ದರು. ನಾಲ್ಕನೇ ದಿನ ಗಂಟನ್ನು ಎತ್ತಿಬಿಟ್ಟರು. ಬ್ಯಾಡಗಿಯ ಕೆಂಪು ಬಣ್ಣ ಆ ಕಪ್ಪಿನಲ್ಲಿ ಕಾಣಲೇ ಇಲ್ಲ. ಆದರೆ ಘಮ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ, ಕಣ್ಣು ಮುಚ್ಚಿ ಕುಡಿದರೆ ಊರಿನ ಅಡುಗೆಮನೆ. ಪಸಿಯಾದ ಒಣದ್ರಾಕ್ಷಿ ಅದರಲ್ಲಿ ಇರಲಿಲ್ಲ, ಅದೊಂದು ಕೊರತೆ. ಮೆಕ್ಸಿಕೊ ಕಡೆ ಹುಟ್ಟಿ, ಆಮೇಲೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂದ ಮೆಣಸಿನಕಾಯಿ, ಮತ್ತೆ ಆ ಗಡಿಯ ಹತ್ತಿರಕ್ಕೇ ಬಂದು ಬಿಯರಿನಲ್ಲಿ ನೆನೆಯುತ್ತಿದೆ ಅನ್ನುವುದು ನನಗೆ ತುಂಬ ಖುಷಿ ಕೊಟ್ಟಿತು.

ನಿಮಗೆ ಒಂದು ಬಾಟಲಿ ಸಿಕ್ಕಿದರೆ ತೀರಾ ತಣ್ಣಗೆ ಕುಡಿಯಬೇಡಿ. 10ರಿಂದ 13 ಡಿಗ್ರಿ ಇದ್ದರೆ ಸಾಕು, ಫ್ರಿಜ್ಜಿನ ತಂಪಿನಲ್ಲಿ ಬರೀ ಕಹಿ ಸಿಗುತ್ತದೆ. ಜೊತೆಗೆ ಖಾರದ ತಿಂಡಿ ಬೇಡ. ನಾನು ಒಮ್ಮೆ ಖಾರಾಬೂಂದಿ ಇಟ್ಟುಕೊಂಡು ಕೂತು ಎರಡನ್ನೂ ಹಾಳು ಮಾಡಿಕೊಂಡೆ. ಉಪ್ಪಿಲ್ಲದ ಬಾದಾಮಿ ಚೆನ್ನಾಗಿರುತ್ತದೆ. ಇನ್ನೂ ಚೆನ್ನಾಗಿರುವುದು ಮೈಸೂರು ಪಾಕು, ಗಟ್ಟಿ ಹದದ್ದು. ಇನ್ನೊಂದು ಮಾತು, ಬಾಟಲಿ ಚಿಕ್ಕದು ಅಂತ ಮೋಸಹೋಗಬೇಡಿ. 355 ಮಿಲಿ, ಶೇ. 8.1 ಅಂದರೆ ಅದರಲ್ಲಿ ಸುಮಾರು 29 ಮಿಲಿ ಶುದ್ಧ ಆಲ್ಕೋಹಾಲ್. ಊರಲ್ಲಿ ಸಿಗುವ 650 ಮಿಲಿ, ಶೇ. 5ರ ದೊಡ್ಡ ಬಾಟಲಿಯಲ್ಲಿ ಇರುವುದು 32 ಮಿಲಿ ಚಿಲ್ಲರೆ. ಒಬ್ಬರೇ ಕುಡಿಯುವುದಕ್ಕಿಂತ ಇಬ್ಬರು ಹಂಚಿಕೊಳ್ಳುವುದು ಒಳ್ಳೆಯದು, ಗಾಡಿ ಓಡಿಸುವ ಕೆಲಸವಿದ್ದರೆ ಬೇಡವೇ ಬೇಡ.

ಗ್ಲಾಸಿನ ತಳದಲ್ಲಿ ಎರಡು ಗುಟುಕು ಉಳಿಸಿ, ಹತ್ತು ನಿಮಿಷ ಹಾಗೇ ಬಿಡಿ. ಅಷ್ಟರಲ್ಲಿ ನೊರೆ ಇಳಿದು ಬಿಯರ್ ಬೆಚ್ಚಗಾಗಿರುತ್ತದೆ. ಆಗ ಮೂಸಿ ನೋಡಿ. ಅಮ್ಮ ಹೇಳಿದ ಬಾಣಲೆ ವಾಸನೆ ಎಲ್ಲಕ್ಕಿಂತ ಚೆನ್ನಾಗಿ ಸಿಗುವುದು ಅಲ್ಲಿ.