ಸಮಾವೇಶದ ಬಿಲ್ಲನ್ನು ದಾನಿಯೇ ಕಟ್ಟಿದರೆ ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆಯೇ?

ವಿಧಾನಸಭೆ ಚುನಾವಣೆಯ ಸಮಾವೇಶಕ್ಕೆ ಶಾಮಿಯಾನ, ಕುರ್ಚಿ, ಬಸ್ಸುಗಳ ಬಾಡಿಗೆಯನ್ನು ಊರಿನ ಉದ್ಯಮಿಯೊಬ್ಬರು ನೇರವಾಗಿ ಕೊಟ್ಟರೆ ಅಭ್ಯರ್ಥಿ ಅದನ್ನು ತೋರಿಸಬೇಕಿಲ್ಲ ಅಲ್ಲವೇ ಎಂದು ಕೇಳಿದ್ದೀರಿ. ತೋರಿಸಲೇಬೇಕು. ಅಭ್ಯರ್ಥಿಯ ಒಪ್ಪಿಗೆಯಿಂದ ಯಾರು ಖರ್ಚು ಮಾಡಿದರೂ ಅದು ಅಭ್ಯರ್ಥಿಯದೇ ಖರ್ಚು. ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಮಿತಿ, 2022ರಲ್ಲಿ ಏರಿಸಿದ್ದು.

ಒಪ್ಪಿಗೆ ಇರಲಿಲ್ಲ ಎಂದುಬಿಟ್ಟರೆ? ಆಗ ದಾನಿಯೇ ಸಿಕ್ಕಿಬೀಳುತ್ತಾರೆ. ಅಭ್ಯರ್ಥಿಯ ಲಿಖಿತ ಅನುಮತಿಯಿಲ್ಲದೆ ಅವರ ಪರ ಸಭೆ, ಜಾಹೀರಾತಿಗೆ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ ಪ್ರಕಾರ ಅಪರಾಧ. ದಂಡ 10,000 ರೂಪಾಯಿವರೆಗೆ. ದೊಡ್ಡ ಕುಳಗಳಿಗೆ ಇದೊಂದು ಲೆಕ್ಕವೇ ಅಲ್ಲ ಎನ್ನುವುದು ಬೇರೆ ಮಾತು.

ಸರಿಯಾದ ದಾರಿ ಹೀಗೆ: ಅಭ್ಯರ್ಥಿ ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಬ್ಯಾಂಕ್ ಖಾತೆ ತೆರೆಯಬೇಕು. ದಾನಿ ಅದಕ್ಕೆ ಚೆಕ್ ಇಲ್ಲವೇ ಆನ್‌ಲೈನ್ ಮೂಲಕ ಹಣ ಹಾಕಲಿ, ಬಿಲ್ಲುಗಳು ಅಲ್ಲಿಂದಲೇ ಪಾವತಿಯಾಗಲಿ. ಅಭ್ಯರ್ಥಿ ಯಾರಾದರೂ ಒಬ್ಬರಿಗೆ ಇಡೀ ಚುನಾವಣೆಯಲ್ಲಿ ನಗದಾಗಿ ಕೊಡಬಹುದಾದದ್ದು 10,000 ರೂಪಾಯಿ ಮಾತ್ರ. ಶಾಮಿಯಾನದವರು ಪುಕ್ಕಟೆ ಹಾಕಿಕೊಟ್ಟರೂ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿಯಂತೆ ಬೆಲೆ ಕಟ್ಟಿ ಬರೆಯಬೇಕು.

ಎಡವುವುದು ಹೆಚ್ಚಾಗಿ ಇಲ್ಲೇ. ಚುನಾವಣಾ ಆಯೋಗದ ವಿಡಿಯೊ ತಂಡ ವೇದಿಕೆಯ ಅಳತೆ, ಕುರ್ಚಿ, ಕಟೌಟ್, ವಾಹನಗಳನ್ನು ಚಿತ್ರೀಕರಿಸುತ್ತದೆ. ಅದನ್ನು ನೋಡಿ ಲೆಕ್ಕದ ತಂಡ ತನ್ನದೇ ಸಮಾನಾಂತರ ವಹಿ ಬರೆಯುತ್ತದೆ. ಅಭ್ಯರ್ಥಿಯ ವಹಿಯಲ್ಲಿ 500 ಕುರ್ಚಿ, ವಿಡಿಯೊದಲ್ಲಿ 3,000 ಇದ್ದರೆ ನೋಟಿಸ್ ಖಚಿತ. ಫಲಿತಾಂಶದ ನಂತರ 30 ದಿನದೊಳಗೆ ಸರಿಯಾದ ಲೆಕ್ಕ ಕೊಡದಿದ್ದರೆ 3 ವರ್ಷ ಅನರ್ಹತೆಯೂ ಬರಬಹುದು.

ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ, ದೊಡ್ಡ ದಾನಿಗಳು ಅಲ್ಲಿಗೇ ಹೋಗುವುದು ಅದಕ್ಕೇ. ಆದರೆ ತಾರಾ ಪ್ರಚಾರಕರ ಸಭೆಯಲ್ಲಿ ಅಭ್ಯರ್ಥಿ ವೇದಿಕೆ ಹತ್ತಿದರೆ, ಅಭ್ಯರ್ಥಿಯ ಹೆಸರಿನ ಪೋಸ್ಟರ್ ಕಂಡರೆ, ಪ್ರಚಾರಕರ ಪ್ರಯಾಣ ಬಿಟ್ಟು ಉಳಿದ ಖರ್ಚಿನ ಪಾಲು ಅಭ್ಯರ್ಥಿಯ ತಲೆಗೆ ಬರುತ್ತದೆ. ಪಕ್ಷಕ್ಕೆ ಕೊಡುವುದಾದರೆ 2,000 ರೂಪಾಯಿ ಮೀರಿದ ನಗದು ಬೇಡ. 20,000 ದಾಟಿದ ದೇಣಿಗೆಯ ದಾನಿಯ ಹೆಸರನ್ನು ಪಕ್ಷ ಆಯೋಗಕ್ಕೆ ತಿಳಿಸಬೇಕು. ಗುಟ್ಟಾಗಿ ಕೊಡಲು ಇದ್ದ ಚುನಾವಣಾ ಬಾಂಡ್ ದಾರಿಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಮುಚ್ಚಿತು. ಕಂಪನಿಯ ಹಣವಾದರೆ, ಕಂಪನಿಗೆ 3 ವರ್ಷ ತುಂಬಿರಬೇಕು, ಆಡಳಿತ ಮಂಡಳಿಯ ನಿರ್ಣಯವೂ ಬೇಕು.